ಉಪ್ಪಿನ ಕೊಪ್ಪರಿಗೆಯಿಂದ ಕಾರಿನೊಳಕ್ಕೆ



ಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು, ತರಕಾರಿಯಿಂದ ಎಳೆದ ಶಾಖ ಅಲ್ಲಿ ಹೊರಬೀಳುತ್ತಿರುತ್ತದೆ. ಹಾಗೆಯೇ ಹೊರಗಿನ ತಣ್ಣನೆ ಗಾಳಿಯಲ್ಲಿರುವ ಶಾಖವನ್ನು ಎಳೆದು ಒಳಗೆ ತಂದರೆ ಅದು ಹೀಟ್ ಪಂಪ್.

ಈ ವಿಚಾರ ಹಳೆಯದು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಕಟ್ಟಡಗಳನ್ನು ಹೀಗೆ ಬೆಚ್ಚಗಿಡಬಹುದೆಂದು 1852ರಲ್ಲೇ ಲೆಕ್ಕ ಹಾಕಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಬೆನ್ಸೇ ಊರಿನ ಉಪ್ಪಿನ ಕಾರ್ಖಾನೆಯಲ್ಲಿ ಯಂತ್ರವನ್ನೇ ನಿಲ್ಲಿಸಿದರು. ಕುದಿಯುವ ಉಪ್ಪುನೀರಿನಿಂದ ಏಳುವ ಹಬೆಯನ್ನು ಒತ್ತಿ, ಇನ್ನಷ್ಟು ಬಿಸಿಯೇರಿಸಿ, ಅದೇ ಕೊಪ್ಪರಿಗೆಯನ್ನು ಕುದಿಸಲು ಮತ್ತೆ ಬಳಸಿದರು. ಸೌದೆ ಉಳಿಸುವುದು ಅವರ ಗುರಿ. 1938ರಲ್ಲಿ ಜ್ಯೂರಿಕ್‌ನ ಪುರಭವನ, ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಪಡೆಯಿತು.

ಕಾರಿಗೆ ಮಾತ್ರ ಇದು ಬೇಕಾಗಿರಲಿಲ್ಲ. ಪೆಟ್ರೋಲ್ ಎಂಜಿನ್ನು ಸುಡುವ ಇಂಧನದ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ಅದರಲ್ಲೊಂದಿಷ್ಟು ಒಳಗೆ ತಿರುಗಿಸಿದರೆ ಪುಕ್ಕಟೆ ಬಿಸಿ. ಎಲೆಕ್ಟ್ರಿಕ್ ಮೋಟರು ಅಷ್ಟು ಪೋಲು ಮಾಡುವುದಿಲ್ಲ. ಆ ಒಳ್ಳೆಯ ಗುಣವೇ ಚಳಿಗಾಲದಲ್ಲಿ ತೊಡಕಾಯಿತು.

2010ರ ಕೊನೆಗೆ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಯಲ್ಲಿ ಹಿಡಿಯುತ್ತಿದ್ದದ್ದು 24 ಯೂನಿಟ್ ವಿದ್ಯುತ್. ಹೀಟರ್ 3 ಕಿಲೋವ್ಯಾಟ್ ಎಳೆಯಿತೆನ್ನಿ. ಎರಡು ಗಂಟೆಗೆ 6 ಯೂನಿಟ್, ಅಂದರೆ ಬ್ಯಾಟರಿಯ ಕಾಲು ಭಾಗ ಬರೀ ಬೆಚ್ಚಗಿರುವುದಕ್ಕೇ ಹೋಯಿತು! ತಂತಿ ಕಾಯಿಸುವ ಹೀಟರು ಒಂದು ಯೂನಿಟ್ಟಿಗೆ ಒಂದು ಯೂನಿಟ್ ಶಾಖವನ್ನಷ್ಟೇ ಕೊಡಬಲ್ಲದು. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ. ಸಾಧಾರಣ ಚಳಿಯಲ್ಲಿ ಎರಡು, ಕೆಲವೊಮ್ಮೆ ಮೂರು ಪಟ್ಟು ಕೊಡುತ್ತದೆ. ಎರಡು ಪಟ್ಟೆಂದರೂ ಆ ಪ್ರಯಾಣದಲ್ಲಿ 3 ಯೂನಿಟ್ ಚಕ್ರಕ್ಕೆ ಉಳಿಯಿತು. 2012-13ರ ಹೊತ್ತಿಗೆ ಲೀಫ್‌ನಲ್ಲೂ ರೆನೋ ಜೊಯಿ ಕಾರಿನಲ್ಲೂ ಹೀಟ್ ಪಂಪ್ ಬಂತು. ಟೆಸ್ಲಾ ಅದನ್ನು ಮೊದಲು ಅಳವಡಿಸಿದ್ದು 2020ರ ಮಾಡೆಲ್ ವೈ ಕಾರಿನಲ್ಲಿ.

ಆದರೆ ಚಳಿ ಬಲಿತಷ್ಟೂ ಹೊರಗೆ ಎಳೆಯಲು ಸಿಗುವ ಶಾಖ ಕಡಿಮೆಯಾಗುತ್ತದೆ, ಪಂಪಿನ ಲಾಭವೂ ಇಳಿಯುತ್ತದೆ. ಹೊರಗಿನ ಕೊಳವೆಗಳಿಗೆ ಹಿಮ ಕಟ್ಟಿದರೆ ಅದನ್ನು ಕರಗಿಸಲೂ ವಿದ್ಯುತ್ ಬೇಕು. ಬ್ಯಾಟರಿ ತಾನೇ ತಣ್ಣಗಾಗಿ ಮಂಕಾಗುವುದನ್ನು ಈ ಪಂಪೊಂದೇ ಪೂರ್ತಿ ಸರಿಪಡಿಸಲಾರದು. ಆದರೂ ಶೂನ್ಯದ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಚಳಿ ಇರುವ ಊರುಗಳಿಗೆ ಇದು ಕೊಟ್ಟ ಬೆಲೆಗೆ ತಕ್ಕ ವಸ್ತು ಎಂದೇ ನನ್ನ ಅಭಿಪ್ರಾಯ.

ನಾರ್ವೆ, ಕೆನಡಾಗಳಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಮಾತು: ಕೆಲವು ಮಾದರಿಗಳಲ್ಲಿ ಹೀಟ್ ಪಂಪಿಗೆ ಬೇರೆಯಾಗಿ ಹಣ ಕೊಡಬೇಕಾಗುತ್ತದೆ. ಕಾರು ಕೊಳ್ಳುವ ಮೊದಲು ಕೇಳಿ ತಿಳಿದುಕೊಳ್ಳಿ. ಬೆಳಗ್ಗೆ ಹೊರಡುವ ಮುನ್ನ, ಚಾರ್ಜರಿನ ತಂತಿ ಕೀಳುವುದಕ್ಕೆ ಮೊದಲೇ ಕಾರನ್ನು ಬೆಚ್ಚಗೆ ಮಾಡಿಕೊಳ್ಳಿ.