ಗೋಡೆಯ ಬೂಷ್ಟು ಯಾರ ಖಾತೆಗೆ?

ಮಂಗಳೂರಲ್ಲಿ ಮಳೆಗಾಲ ಹಿಡೀತು ಅಂದ್ರೆ ಬಾಡಿಗೆ ಮನೆಯ ಕಪಾಟಿನ ಹಿಂದೆ ಕಪ್ಪು ಚುಕ್ಕಿ ಶುರು. ಬೂಷ್ಟು, ಎಲ್ಲರ ಬಾಯಲ್ಲಿ ಫಂಗಸ್. ಓನರ್ "ನೀವು ಕಿಟಕಿ ತೆಗೆಯಲ್ಲ" ಅಂತಾರೆ, ನಾವು "ನಿಮ್ಮ ಗೋಡೆ ಸೋರುತ್ತೆ" ಅಂತೀವಿ. ಮನೆ ಬಿಡುವಾಗ ಅಡ್ವಾನ್ಸಲ್ಲಿ ಪೇಂಟಿಂಗ್ ದುಡ್ಡು ಕಟ್! ಬಿಕಾಂ ಓದಿದ ನನಗೆ ಮೊದಲ ಪ್ರಶ್ನೆ: ಈ ಖರ್ಚು ಯಾರ ಖಾತೆಗೆ?

ಅದಕ್ಕೊಂದು ಸುಲಭ ಪರೀಕ್ಷೆ ಇದೆ. ಗೋಡೆ ಒರೆಸಿ ಒಣಗಿಸಿ. ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಒಂದಡಿ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. 2 ದಿನ ಬಿಟ್ಟು ನೋಡಿ. ನಮ್ಮ ಕಡೆಯ ಮೈ ಒದ್ದೆಯಾಗಿದ್ರೆ, ಕೋಣೆಯ ಗಾಳಿಯಲ್ಲಿರೋ ತೇವವೇ ತಣ್ಣನೆ ಗೋಡೆಗೆ ತಾಗಿ ನೀರಾಗ್ತಿದೆ. ಗೋಡೆ ಕಡೆಯ ಮೈ ಒದ್ದೆಯಾಗಿದ್ರೆ ನೀರು ಒಳಗಿಂದ ಬರ್ತಿದೆ: ಪೈಪ್ ಸೋರಿಕೆಯೋ, ಹೊರಗೋಡೆಯ ಬಿರುಕೋ. ಅದು ಓನರ್ ಮಾಡಿಸಬೇಕಾದ ರಿಪೇರಿ. ಫೋಟೋ ತೆಗೆದು ಅವತ್ತೇ ವಾಟ್ಸ್ಆ್ಯಪ್ ಮಾಡಿ, ತಾರೀಖು ಉಳಿಯುತ್ತೆ. ಫೋನಲ್ಲಿ ಹೇಳಿದ್ದಕ್ಕೆ ರಸೀದಿ ಇಲ್ಲ.

ತೇವ ಕೋಣೆಯದ್ದೇ ಆದ್ರೆ? ಮಲಗೋ ಕೋಣೆಯಲ್ಲಿ ಬಟ್ಟೆ ಒಣಹಾಕ್ತೀವಲ್ಲ, ಆ ನೀರೆಲ್ಲ ಹೋಗೋದು ಅಲ್ಲಿನ ಗಾಳಿಗೇ. ಬಾತ್‌ರೂಮಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ ಅಲ್ಲೇ ಒಣಗಿಸಿ. ಕಪಾಟನ್ನ ಗೋಡೆಯಿಂದ ನಾಲ್ಕು ಬೆರಳು ಈಚೆ ಸರಿಸಿ. ಕಿಟಕಿ ಮಳೆ ಬಿಟ್ಟಾಗ ಮಾತ್ರ ತೆಗೀರಿ, ಜಡಿಮಳೆಯಲ್ಲಿ ತೆಗೆದ್ರೆ ಹೊರಗಿನ ತೇವವೂ ಒಳಗೆ.

ಇನ್ನು ಕಲೆ. ಒಣ ಬ್ರಶ್ಶಲ್ಲಿ ಉಜ್ಜಬೇಡಿ, ಕಣ ಹಾರಿ ಮೂಗಿಗೆ ಹೋಗುತ್ತೆ. ಮಾಸ್ಕ್ ಹಾಕಿ, ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ. ಬ್ಲೀಚ್ ಜೊತೆ ಆಸಿಡ್ ಬೆರೆಸಲೇಬೇಡಿ, ವಿಷದ ಗ್ಯಾಸ್ ಬರುತ್ತೆ. ಓನರ್ ಪೇಂಟರ್ ಕಳಿಸಿದ್ರೆ, ಸೋರಿಕೆ ನಿಂತು ಗೋಡೆ ಒಣಗಿದ ಮೇಲೇ ಪೇಂಟ್ ಹೊಡೀಲಿ ಅನ್ನಿ.