ಸಹೋದ್ಯೋಗಿಯ ಊರಿನಲ್ಲಿ

ಪರದೇಶದಲ್ಲಿ ಸಂಚರಿಸುವವರು ಪ್ರಸಿದ್ಧ ಸ್ಥಳಗಳನ್ನು ಸಂದರ್ಶಿಸುವುದು ಸಹಜವೇ. ಆದರೆ ತಮ್ಮೊಡನೆ ಬಹುಕಾಲ ದುಡಿದವರೊಬ್ಬರ ಹುಟ್ಟೂರನ್ನು, ಅವರ ಜೊತೆಯಲ್ಲಿಯೇ, ಅವರು ಬಾಲ್ಯದಲ್ಲಿ ಓಡಾಡಿದ ದಾರಿಗಳಲ್ಲಿಯೇ ನಡೆದು ಕಾಣುವ ಭಾಗ್ಯವು ಎಲ್ಲರಿಗೂ ಒದಗುವಂಥದಲ್ಲ. ಜರ್ಮನಿಯ ದಕ್ಷಿಣ ಭಾಗದಲ್ಲಿ, ಡಾನ್ಯೂಬ್ ನದಿಯ ದಡದಲ್ಲಿರುವ ಉಲ್ಮ್ ನಗರವನ್ನು ನಾನು ಕಂಡುದು ಹೀಗೆ.

1879ರಲ್ಲಿ ಐನ್‌ಸ್ಟೈನರು ಜನಿಸಿದ ಊರೆಂದು ಮಾತ್ರ ನಾನದನ್ನು ಬಲ್ಲವನಾಗಿದ್ದೆನು. ಆ ಊರಿನವರಾದ ನನ್ನ ಸಹೋದ್ಯೋಗಿ ಮಿತ್ರರು ಮೊದಲು ಕರೆದೊಯ್ದುದು ಬ್ಲೌ ಎಂಬ ಉಪನದಿಯ ಕವಲುಗಳ ನಡುವಣ ಬೆಸ್ತರ ಕೇರಿಗೆ. ತರುವಾಯ ಊರಿನ ದೊಡ್ಡ ಇಗರ್ಜಿಯನ್ನು ತೋರಿಸಿದರು. 1377ರಲ್ಲಿ ಅಸ್ತಿಭಾರವನ್ನು ಹಾಕಿ, 1543ರಲ್ಲಿ ಕೆಲಸವು ನಿಂತುಹೋಗಿ, ಸುಮಾರು ಮೂರು ಶತಮಾನಗಳ ಬಳಿಕ ಮತ್ತೆ ಕೈಗೆತ್ತಿಕೊಂಡು, 1890ರಲ್ಲಿ ಪೂರ್ಣಗೊಳಿಸಿದ ಅದರ ಗೋಪುರವು 161 ಮೀಟರಿಗೂ ಮಿಗಿಲಾದ ಎತ್ತರವುಳ್ಳದ್ದು. ಶಿಖರವನ್ನು ತಾವು ಕಾಣಲಾರೆವೆಂದು ಬಲ್ಲವರಾಗಿಯೂ ತಳದ ಕಲ್ಲುಗಳನ್ನು ಅಷ್ಟೊಂದು ಶ್ರದ್ಧೆಯಿಂದ ಕಡೆದ ಆ ಶಿಲ್ಪಿಗಳನ್ನು ನೆನೆದು ನನ್ನ ಮನಸ್ಸು ತುಂಬಿ ಬಂದಿತು. 1944ರ ಡಿಸೆಂಬರಿನ ಬಾಂಬುದಾಳಿಯಲ್ಲಿ ಹಳೆಯ ಪಟ್ಟಣದ ಬಹುಭಾಗವು ಉರಿದುಹೋದಾಗಲೂ ಇಗರ್ಜಿ ನಿಂತೇ ಇದ್ದಿತು.

ಕಚೇರಿಯಲ್ಲಿ ಮಿತಭಾಷಿಗಳಾಗಿದ್ದ ಮಿತ್ರರು ಇಲ್ಲಿ ಪ್ರತಿಯೊಂದು ತಿರುವಿನಲ್ಲಿಯೂ ನಿಂತು, ತಾವು ಓದಿದ ಶಾಲೆಯನ್ನು, ಈಜು ಕಲಿತ ಕೊಳವನ್ನು, ಅಜ್ಜಿ ರೊಟ್ಟಿ ಕೊಳ್ಳುತ್ತಿದ್ದ ಅಂಗಡಿಯನ್ನು ತೋರಿಸುತ್ತಿದ್ದರು. ಇಷ್ಟು ವರ್ಷಗಳ ಪರಿಚಯದಲ್ಲಿ ನಾನು ಅವರ ಕೆಲಸವನ್ನು ಅರಿತಿದ್ದೆನೇ ಹೊರತು ಅವರನ್ನಲ್ಲವೆಂದು ಆಗ ತೋರಿತು. ಸಂಜೆ ಅವರ ವೃದ್ಧಮಾತೆಯವರು ಊಟ ಬಡಿಸುತ್ತ, ನಮ್ಮೂರಿನ ನದಿ ಯಾವುದೆಂದು ಮಗನ ಮೂಲಕ ಕೇಳಿದರು; ತುಂಗೆಯ ವಿಷಯವನ್ನು ಬಹಳ ಹೊತ್ತು ಹೇಳಿದೆನು.