‘ಸರ್ವರ್ ಡೌನ್’ ಎಂದು ಯಂತ್ರಕ್ಕೆ ತಿಳಿಸುವುದು ಹೇಗೆ?
(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)

ಮಹಿಳಾ ವಿಭಾಗದವರು ಫೋನ್ ಮಾಡಿ, “ನಿನ್ನ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡು, ಆದರೆ ನಮಗೂ ಅರ್ಥವಾಗಬೇಕು” ಎಂದರು. ಷರತ್ತು ಕಷ್ಟದ್ದೇ. ಪ್ರಯತ್ನ ಮಾಡುತ್ತೇನೆ.

ಕಳೆದ ವರ್ಷ ನನಗೆ ಬಂದ ಒಂದು ಕೆಲಸ ಹೊರಗಿನಿಂದ ನೋಡಿದರೆ ತೀರಾ ಸಣ್ಣದು: ಒಂದು ಟೂಲ್‌ಗೆ ವಿವರಣೆ ಬರೆಯುವುದು. ಯಾವ ಆನ್‌ಲೈನ್ ಸೇವೆ ಈಗ ನಡೆಯುತ್ತಿದೆ, ಕಳೆದ ತಿಂಗಳು ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿದರೆ ಉತ್ತರ ಕೊಡುವ ಟೂಲ್ ಅದು. ಕೇಳುವವರು ಮಾತ್ರ ಮನುಷ್ಯರಲ್ಲ, ಎಐ ಏಜೆಂಟ್. ನಮ್ಮ ಪರವಾಗಿ ಟಿಕೆಟ್ ಬುಕ್ ಮಾಡುವ, ಬಿಲ್ ಕಟ್ಟುವ, ಗ್ರಾಹಕರ ದೂರಿಗೆ ಉತ್ತರಿಸುವ ಸಾಫ್ಟ್‌ವೇರ್. ನಾವು ಬರೆದ ನಾಲ್ಕು ಸಾಲು ಓದಿಯೇ ಅದು ಈ ಟೂಲನ್ನು ಯಾವಾಗ ಬಳಸಬೇಕು, ಬಂದ ಉತ್ತರಕ್ಕೆ ಏನರ್ಥ ಎಂದು ತೀರ್ಮಾನಿಸುತ್ತದೆ.

ನಾನು ಮೊದಲು ಬರೆದದ್ದು ಒಂದೇ ಸಾಲು: “ಸೇವೆಯ ಲಭ್ಯತೆಯನ್ನು ತಿಳಿಸುತ್ತದೆ.” ಇಷ್ಟು ಸಾಕು ಅನ್ನಿಸಿತ್ತು. ಪರೀಕ್ಷೆಯ ದಿನ ಬೇಕೆಂದೇ ಒಂದು ಸೇವೆಯನ್ನು ನಿಲ್ಲಿಸಿ, ಗ್ರಾಹಕರಂತೆ “ಹಣ ಹೋಗುತ್ತಿಲ್ಲ, ಏನಾಗಿದೆ?” ಎಂದು ಏಜೆಂಟನ್ನು ಕೇಳಿದೆವು. ಅದು ಕಳೆದ 30 ದಿನಗಳ ಲೆಕ್ಕ ತೆಗೆದು, ಶೇಕಡಾ 99.9 ಎಂದು ನೋಡಿ, “ಸೇವೆ ಸರಿಯಾಗಿದೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ” ಎಂದಿತು. ಎಷ್ಟು ವಿನಯ! ಪರೀಕ್ಷೆಯಾದ್ದರಿಂದ ಯಾರ ಹಣವೂ ಹೋಗಲಿಲ್ಲ. ನಿಜವಾದ ಗ್ರಾಹಕರಾಗಿದ್ದರೆ? ಮಗಳ ಫೀಸು ಕಟ್ಟುವ ಕೊನೆಯ ದಿನ, ಒತ್ತಿದ್ದನ್ನೇ ಮತ್ತೆ ಒತ್ತಿ, ಎರಡು ಸಲ ಹಣ ಕಡಿತವಾಗಿ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂಬಯಿಯವರಿಗೆ ಈ ತಪ್ಪನ್ನು ವಿವರಿಸುವುದು ಸುಲಭ. ತಿಂಗಳಿಡೀ ಲೋಕಲ್ ಹೊತ್ತಿಗೆ ಸರಿಯಾಗಿ ಬಂದಿರಬಹುದು. ಇವತ್ತಿನ 8.14ರ ಫಾಸ್ಟ್ ಬರುತ್ತದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ, ಇಂಡಿಕೇಟರ್ ನೋಡಬೇಕು. ಅಪ್‌ಟೈಮ್ ಹಿಂದಿನ ಲೆಕ್ಕ, ಸ್ಥಿತಿ ಈ ಕ್ಷಣದ್ದು. ಎರಡನ್ನೂ ಬೇರೆಬೇರೆಯಾಗಿ ಬರೆದೆ. ಇನ್ನು ಶೇಕಡಾವಾರು. 99.9 ಎಂದರೂ 30 ದಿನದಲ್ಲಿ ಸುಮಾರು 43 ನಿಮಿಷ ನಿಂತಿತ್ತು ಎಂದರ್ಥ. 99 ಎಂದರೆ 7 ಗಂಟೆ 12 ನಿಮಿಷ! ಪರೀಕ್ಷೆಯಲ್ಲಿ 99 ತಂದ ಮಗುವಿಗಾಗಿ ಬಿಲ್ಡಿಂಗಿಗೆಲ್ಲ ಪೇಢಾ ಹಂಚುತ್ತೇವೆ. 99 ತಂದ ಸರ್ವರಿಗೆ ಬೈಗುಳವೇ. ಹಾಗಾಗಿ ಉತ್ತರದಲ್ಲಿ ನಿಮಿಷಗಳನ್ನೂ ಕೊಟ್ಟೆವು. ಸಮಯ ಯುಟಿಸಿಯಲ್ಲಿದೆ ಎಂದೂ ಬರೆಯಬೇಕಾಯಿತು. ನಮ್ಮ ಮಧ್ಯಾಹ್ನ 12 ಗಂಟೆ ಅಲ್ಲಿ ಬೆಳಗ್ಗೆ 6.30.

ವಿಚಾರಿಸುವುದಕ್ಕೂ ಮಿತಿ ಬೇಕೆಂದು ನನಗೆ ಕಲಿಸಿದ್ದು ಯುಪಿಐ. 2025ರ ಏಪ್ರಿಲ್ 12, ಶನಿವಾರ, ದೇಶದಾದ್ಯಂತ ಗಂಟೆಗಟ್ಟಲೆ ಯುಪಿಐ ತೊಡಕಾದದ್ದು ನಿಮಗೆ ನೆನಪಿರಬಹುದು. ಅದನ್ನು ನಡೆಸುವ ಎನ್‌ಪಿಸಿಐ ಇರುವುದು ನಮ್ಮ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲೇ. ಆಮೇಲೆ ಹೊರಬಂದ ಕಾರಣ ಕೇಳಿ: ಕೆಲವು ಬ್ಯಾಂಕುಗಳ ಕಡೆಯಿಂದ “ಆ ವ್ಯವಹಾರ ಏನಾಯಿತು?” ಎಂದು ವಿಚಾರಿಸುವ ಕೋರಿಕೆಗಳು, ಹಳೆಯ ವ್ಯವಹಾರಗಳದ್ದೂ ಸೇರಿ, ಮತ್ತೆ ಮತ್ತೆ ಬಂದು ಬಿದ್ದಿದ್ದವು. ಬಾಣಂತಿಯನ್ನು ವಿಚಾರಿಸಲು ಬಂದವರಿಂದಲೇ ಬಾಣಂತಿಗೆ ನಿದ್ದೆಯಿಲ್ಲ ಎಂಬಂತೆ! ಅನಂತರ ಬಿಗಿ ನಿಯಮ ಬಂತು. ಸ್ವಲ್ಪ ಹೊತ್ತು ಆಗುವವರೆಗೆ ವಿಚಾರಿಸುವಂತಿಲ್ಲ. ವಿಚಾರಿಸುವುದೂ ಹೆಚ್ಚೆಂದರೆ ಮೂರು ಸಲ. ಬ್ಯಾಲೆನ್ಸ್ ನೋಡುವುದು ಕೂಡ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ.

ಏಜೆಂಟಿಗೆ ಬೇಸರವಿಲ್ಲ, ಸಂಕೋಚವೂ ಇಲ್ಲ. ಬಿಟ್ಟರೆ ನಿಮಿಷಕ್ಕೆ ನೂರು ಸಲ ಕೇಳೀತು. “ಒಂದು ನಿಮಿಷದೊಳಗೆ ಅದೇ ಪ್ರಶ್ನೆ ಮತ್ತೆ ಕೇಳಬೇಡ” ಎಂದು ಬರೆದೆ. ಬರೆದದ್ದನ್ನು ಓದಿಯೂ ಪಾಲಿಸದಿರುವ ಗುಣ ಅದಕ್ಕೂ ಇರುವುದರಿಂದ ಟೂಲ್ ಒಳಗೇ ತಡೆ ಹಾಕಿದೆವು.

ಎಲ್ಲ ಮುಗಿಯಿತೆಂದುಕೊಂಡು, ಒಂದು ಭಾನುವಾರ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಅತ್ತೆಯವರಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಪೂರ್ತಿ ಕೇಳಿ ಅವರೆಂದರು: “ಎಲ್ಲ ಸರಿ ಕಣೇ, ಅದಕ್ಕೇ ಗೊತ್ತಿಲ್ಲದಿದ್ರೆ ಏನು ಹೇಳುತ್ತೆ?”

ನಾನು ಲ್ಯಾಪ್‌ಟಾಪ್ ತೆರೆದು ನೋಡಿದೆ. ಏನೂ ಹೇಳುತ್ತಿರಲಿಲ್ಲ. ಮಾಹಿತಿ ಸಿಗದಿದ್ದರೆ ನಮ್ಮ ಟೂಲ್ ಖಾಲಿ ಉತ್ತರ ಕೊಡುತ್ತಿತ್ತು. ದೂರು ಇಲ್ಲ ಎಂದರೆ ಎಲ್ಲ ಸರಿಯಿದೆ ಎಂದು ಏಜೆಂಟ್ ತಿಳಿದುಕೊಳ್ಳುತ್ತಿತ್ತು. ಇಂಡಿಕೇಟರ್ ಖಾಲಿ ಇದ್ದರೆ ಟ್ರೇನ್ ಬರುತ್ತದೆ ಎಂದೂ ಅಲ್ಲ, ಬರುವುದಿಲ್ಲ ಎಂದೂ ಅಲ್ಲವಲ್ಲ. ಸೋಮವಾರ ‘ನಡೆಯುತ್ತಿದೆ’, ‘ನಿಂತಿದೆ’ ಎಂಬೆರಡರ ಜೊತೆಗೆ ‘ತಿಳಿದಿಲ್ಲ’ ಎಂಬ ಮೂರನೆಯ ಉತ್ತರ ಸೇರಿಸಿದೆವು. ವಿವರಣೆಗೂ ಒಂದು ಸಾಲು ಸೇರಿತು: “ಉತ್ತರ ‘ತಿಳಿದಿಲ್ಲ’ ಎಂದು ಬಂದರೆ ಗ್ರಾಹಕರಿಗೂ ಹಾಗೆಯೇ ಹೇಳು, ಮತ್ತೆ ಹಣ ಕಳಿಸಲು ಹೇಳಬೇಡ.”

ಅತ್ತೆಯವರು ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.